ಹತ್ತು ಹೆಜ್ಜೆಯ ದೂರ

ಕ್ಯಾಮೆರಾ ಕೊಳ್ಳಬೇಕು, ಯಾವುದು ಒಳ್ಳೆಯದು ಹೇಳಿ ಎಂದು ಯಾರಾದರೂ ಹೋದರೆ ಅಕ್ಕ ಎರಡೇ ಪ್ರಶ್ನೆ ಕೇಳುತ್ತಿದ್ದರು. ಯಾರ ಫೋಟೋ ತೆಗೆಯುತ್ತೀರಿ, ಅವರು ನಿಮ್ಮಿಂದ ಎಷ್ಟು ದೂರ ಕೂಡುತ್ತಾರೆ ಎಂಬುದು ಮೊದಲನೆಯದು. ತೆಗೆದದ್ದನ್ನು ಎಷ್ಟು ದೊಡ್ಡದು ಮಾಡಿಸುತ್ತೀರಿ, ಪರ್ಸಿನಲ್ಲಿ ಇಟ್ಟುಕೊಳ್ಳುತ್ತೀರೋ ಗೋಡೆಗೆ ಹಾಕುತ್ತೀರೋ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಎಷ್ಟು ಜೂಮ್ ಬೇಕೆಂದು ತಿಳಿಯುತ್ತದೆ, ಎರಡನೆಯದಕ್ಕೆ ಸಿಕ್ಕರೆ ಎಷ್ಟು ಮೆಗಾಪಿಕ್ಸೆಲ್ ಬೇಕೆಂದು ತಿಳಿಯುತ್ತದೆ, ಉಳಿದದ್ದೆಲ್ಲ ಡಬ್ಬಿಯ ಮೇಲಿನ ಬಣ್ಣ ಎನ್ನುತ್ತಿದ್ದರು. ಆಂಧ್ರದ ಗಡಿಯ ನಮ್ಮ ಆದವಾನಿಯಲ್ಲಿ ಎಷ್ಟೋ ಜನ ಆ ಎರಡು ಪ್ರಶ್ನೆಗೆ ಉತ್ತರ ತೋಚದೆ ತಲೆ ಕೆರೆದುಕೊಂಡು ವಾಪಸು ಬಂದಿದ್ದಾರೆ. ಅವರಲ್ಲಿ ನಾನೂ ಒಬ್ಬ.

ಹೋದ ತಿಂಗಳು ಅಕ್ಕ ತೀರಿಕೊಂಡರು. ಬೆಳಿಗ್ಗೆ ಪೂಜೆ ಮುಗಿಸಿ ಚಹಾ ಕುಡಿಯಲು ಕೂತವರು ಹಾಗೆಯೇ ಗೋಡೆಗೆ ಒರಗಿದರಂತೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೂ ಊರಿನ ಬಹಳ ಜನಕ್ಕೆ ಗುರುತು ಸಿಗಲಿಕ್ಕಿಲ್ಲ. ಸ್ಟುಡಿಯೋದ ಬೋರ್ಡಿನ ಮೇಲೆ ಇದ್ದದ್ದು ಅವರ ತಂದೆಯ ಹೆಸರು, ಜನರ ಬಾಯಲ್ಲಿ ಇದ್ದದ್ದು ಸ್ಟುಡಿಯೋ ಅಕ್ಕ. ನನಗಿಂತ ಆರು ವರ್ಷ ಚಿಕ್ಕವರು, ಆದರೂ ನಾನು ಕೊನೆಯವರೆಗೆ ಅಕ್ಕ ಎಂದೇ ಕರೆದೆ.

ಸ್ಟುಡಿಯೋ ಹತ್ತಿ ಮಾರ್ಕೆಟ್ಟಿಗೆ ಹೋಗುವ ರಸ್ತೆಯಲ್ಲಿತ್ತು. ಹಂಗಾಮಿನಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲುಗಳು ಶುರುವಾದವೆಂದರೆ ಆ ರಸ್ತೆಯ ಗಾಳಿಯಲ್ಲೆಲ್ಲ ಹತ್ತಿಯ ಎಳೆ. ತಲೆಗೆ, ಮೀಸೆಗೆ, ಬಿಸಿ ಮಿರ್ಚಿ ಬಜ್ಜಿಗೆ, ಎಲ್ಲಕ್ಕೂ ಅಂಟುತ್ತದೆ. ಆ ನಾಲ್ಕು ತಿಂಗಳು ಅಕ್ಕ ಹಳೆಯ ಸೀರೆಯೊಂದನ್ನು ನೀರಲ್ಲಿ ಅದ್ದಿ ಬಾಗಿಲಿಗೆ ಪರದೆ ಕಟ್ಟುತ್ತಿದ್ದರು. ಲೆನ್ಸಿನ ಮೇಲೆ ಎಳೆ ಕೂತರೆ ರಬ್ಬರಿನ ಪುಟ್ಟ ಬುರುಡೆಯನ್ನು ಅದುಮಿ ಗಾಳಿಯಿಂದಲೇ ಹಾರಿಸುತ್ತಿದ್ದರು, ಬಟ್ಟೆ ಮುಟ್ಟಿಸುತ್ತಿರಲಿಲ್ಲ. ನಾನೊಮ್ಮೆ ಅಂಗಿಯ ಚುಂಗಿನಿಂದ ಲೆನ್ಸು ಒರೆಸಿದ್ದನ್ನು ಕಂಡು ಒಂದು ವಾರ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗದ ದಾರ, ಅದರ ಮೇಲೆ ಕ್ಯಾಮೆರಾದ ಪಟ್ಟಿ. ಹೀಗೆ ಒಬ್ಬ ಹೆಂಗಸು ಮದುವೆ ಮಂಟಪದಲ್ಲಿ ಓಡಾಡುವುದನ್ನು ನಮ್ಮೂರು ಮೊದಲು ವಿಚಿತ್ರವಾಗಿ ನೋಡಿತು, ಆಮೇಲೆ ಅವರೇ ಬೇಕೆಂದು ಹಟ ಹಿಡಿಯಿತು. ಪರದೆಯ ಹೆಣ್ಣುಮಕ್ಕಳ ಮನೆಗೆ ಹೋಗಬಲ್ಲ ಫೋಟೋಗ್ರಾಫರ್ ಅವರೊಬ್ಬರೇ. ಬಾಣಂತಿ ಕೋಣೆಗೆ ಹೋಗಬಲ್ಲವರೂ ಅವರೊಬ್ಬರೇ. ಎಲ್ಲಿ ಹೋದರೂ ದೂರ ನಿಂತು ತೆಗೆಯುವ ಅಭ್ಯಾಸವಿಲ್ಲ. ಮಗುವಿನ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಕೈಯ ಬಳೆಗಳನ್ನು ಒಮ್ಮೆ ಝಲ್ ಎನಿಸಿ, ಮಗು ಕಣ್ಣೆತ್ತಿದ ಕ್ಷಣಕ್ಕೆ ಗುಂಡಿ ಒತ್ತುತ್ತಿದ್ದರು. ಕಲಿಯಲು ಬಂದವರಿಗೆ ಹೇಳುತ್ತಿದ್ದದ್ದೂ ಅದನ್ನೇ. ಕನ್ನಡದವರಿಗೆ ಹತ್ರ ಹೋಗ್ರಿ, ತೆಲುಗಿನವರಿಗೆ ದಗ್ಗರಿಕಿ ಪೋಂಡಿ, ಸಾಹೇಬರಿಗೆ ನಜ್ದೀಕ್ ಜಾವ್. ಮೂರು ಭಾಷೆಯಲ್ಲಿ ಅವರದು ಒಂದೇ ಪಾಠ.

ಸತ್ತವರ ಫೋಟೋಗೂ ಅವರನ್ನೇ ಕರೆಯುತ್ತಿದ್ದರು. ನಮ್ಮ ಕಡೆ ಶೈವರ ಮನೆಗಳಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಸುತ್ತ ಮನೆಮಂದಿ ಕೂತು ಒಂದು ಫೋಟೋ ತೆಗೆಸುತ್ತಾರೆ. ಎಷ್ಟೋ ಮನೆಯಲ್ಲಿ ಅದೇ ಮೊದಲ ಫೋಟೋ, ಅದೇ ಕೊನೆಯದು. ಅದೂ ಇಲ್ಲದವರು ಸಿ. ಬೆಳಗಲ್ಲಿನಂಥ ಊರುಗಳಿಂದ ಬಸ್ಸು ಹತ್ತಿ ಬಂದು, ಓಟಿನ ಕಾರ್ಡಿನ ಮೇಲಿನ ಉಗುರಗಲದ ಮುಖ ತೋರಿಸಿ, ಇದನ್ನು ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಕೊಡಿ ಎನ್ನುತ್ತಿದ್ದರು. ಅಕ್ಕ ಕಂಪ್ಯೂಟರಿನ ಮುಂದೆ ಕೂತು ಅರ್ಧ ದಿನ ತಿದ್ದುತ್ತಿದ್ದರು. ಬಂದವರು ಹೋದ ಮೇಲೆ ಸಿಟ್ಟು ನನ್ನ ಮೇಲೆ ಹರಿಯುತ್ತಿತ್ತು. ಬದುಕಿದ್ದಾಗ ಒಂದು ದಿನ ಎದುರಿಗೆ ಕೂಡಿಸಿಕೊಂಡು ತೆಗೆಯದವರು, ಹೋದ ಮೇಲೆ ಗೋಡೆ ತುಂಬ ಬೇಕು ಅಂತಾರಲ್ಲ ಎಂದು ಗೊಣಗುತ್ತಿದ್ದರು.

ನಾನು ಕನ್ನಡ ಶಾಲೆಯ ಮೇಷ್ಟ್ರು. ಹದಿನೈದು ಹದಿನಾರು ವರ್ಷದ ಹಿಂದೆ, ಕೈಯಲ್ಲಿ ಡಿಜಿಟಲ್ ಕ್ಯಾಮೆರಾ ಇದ್ದವನಿಗೆ ಮದುವೆ ಮನೆಯಲ್ಲಿ ಒಂದು ಊಟ ಹೆಚ್ಚಿಗೆ ಬಡಿಸುತ್ತಿದ್ದ ಕಾಲದಲ್ಲಿ, ನನಗೂ ಒಂದು ಕೊಳ್ಳುವ ಹುಚ್ಚು ಹತ್ತಿತು. ಅಕ್ಕನ ಬಳಿ ಹೋದೆ. ಯಾರ ಫೋಟೋ ಎಂದರು. ಎಲ್ಲರದೂ ಎಂದೆ. ಎಷ್ಟು ದೂರದಿಂದ ಎಂದರು. ಎಷ್ಟು ದೂರದಿಂದಲಾದರೂ ಎಂದೆ. ನಕ್ಕುಬಿಟ್ಟರು. ಆಮೇಲೆ ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿ, ಶಾಲೆಯ ಹುಡುಗನಿಗೆ ಹೇಳುವಂತೆ ಬಿಡಿಸಿ ಹೇಳಿದರು.

"ನೋಡ್ರಿ ಸಾರ್, ಜೂಮ್‌ನಾಗ ಎರಡು ಜಾತಿ. ಒಂದರಾಗ ಗಾಜು ಮುಂದಕ ಬರ್ತೈತಿ, ದೂರದ್ದು ನಿಜವಾಗ್ಲೂ ಹತ್ರ ಆಗ್ತೈತಿ. ಇನ್ನೊಂದರಾಗ ಗಾಜು ಕುಂತಲ್ಲೇ ಕುಂತಿರ್ತೈತಿ. ಸಿಕ್ಕ ಚಿತ್ರದ ನಡುವಿನ ತುಣುಕು ಕತ್ತರಿಸಿ ಹಿಗ್ಗಸ್ತೈತಿ, ಅಷ್ಟ. ಹತ್ತಿ ಚೀಲಕ್ಕ ನೀರು ಹೊಡದಂಗ ಅದು. ತಕ್ಕಡ್ಯಾಗ ತೂಕ ಬರ್ತೈತಿ, ಒಳಗ ಹತ್ತಿ ಇದ್ದಷ್ಟ ಇರ್ತೈತಿ."

ಮೊದಲನೆಯದರ ಹೆಸರು ಆಪ್ಟಿಕಲ್, ಎರಡನೆಯದರ ಹೆಸರು ಡಿಜಿಟಲ್, ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದು ಎರಡನ್ನೂ ಗುಣಿಸಿದ ಲೆಕ್ಕ, ಅದನ್ನು ನೋಡಬೇಡಿ ಎಂದರು. ಮೆಗಾಪಿಕ್ಸೆಲ್ಲಿಗೆ ರೊಟ್ಟಿಯ ಉದಾಹರಣೆ ಕೊಟ್ಟರು. ಒಂದು ಮುಷ್ಟಿ ಹಿಟ್ಟಿಗೆ ಇಷ್ಟೇ ಅಗಲದ ರೊಟ್ಟಿ. ಇನ್ನೂ ಅಗಲ ಮಾಡುತ್ತೇನೆಂದು ಬಡಿದರೆ ನಡುವೆ ಹರಿಯುತ್ತದೆ. ಹಿಟ್ಟು ಹೆಚ್ಚು ನಾದಿಕೊಂಡಿದ್ದರೆ ಸಣ್ಣದೂ ಮಾಡಬಹುದು ದೊಡ್ಡದೂ ಮಾಡಬಹುದು, ಕಡಿಮೆ ನಾದಿಕೊಂಡು ಕೂತರೆ ಆಮೇಲೆ ಎಲ್ಲಿಂದ ತರುತ್ತೀರಿ ಎಂದು ಕೇಳಿದರು. ಪೂರ್ತಿ ಅರ್ಥವಾದವನಂತೆ ತಲೆಯಾಡಿಸಿದೆ. ನೆಟ್ಟಗೆ ಬಜಾರಿಗೆ ಹೋಗಿ, ಡಬ್ಬಿಯ ಮೇಲೆ ಎಲ್ಲಕ್ಕಿಂತ ದೊಡ್ಡ ಅಂಕಿ ಇದ್ದ ಕ್ಯಾಮೆರಾ ತಂದೆ.

ಅಕ್ಕ ಬಯ್ಯಲಿಲ್ಲ. ಕ್ಯಾಮೆರಾ ತಿರುವಿ ಮುರುವಿ ನೋಡಿ, ಡಿಜಿಟಲ್ ಜೂಮ್ ಬಂದ್ ಮಾಡಿ, ಚಿತ್ರದ ಅಳತೆಯನ್ನು ಎಲ್ಲಕ್ಕಿಂತ ದೊಡ್ಡದಕ್ಕೆ ಇಟ್ಟು ಕೊಟ್ಟರು. ಇದನ್ನು ಮುಟ್ಟಬೇಡಿ ಎಂದರು. ಮನೆಗೆ ಬಂದು ನೋಡುತ್ತೇನೆ, ಪರದೆಯ ಮೂಲೆಯಲ್ಲಿ ಇನ್ನೂ ಇನ್ನೂರು ಚಿಲ್ಲರೆ ಫೋಟೋ ಹಿಡಿಯುತ್ತದೆ ಎಂದು ತೋರಿಸುತ್ತಿತ್ತು. ಅಳತೆಯನ್ನು ಎಲ್ಲಕ್ಕಿಂತ ಸಣ್ಣದಕ್ಕೆ ಇಳಿಸಿದೆ, ಅದೇ ಅಂಕಿ ಮೂರು ಸಾವಿರದ ಹತ್ತಿರಕ್ಕೆ ಜಿಗಿಯಿತು. ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು ನಾನು. ಚೀಲ ಅದೇ, ಸರಕು ಇಷ್ಟು ಪಟ್ಟು ಹೆಚ್ಚು ಹಿಡಿಯುತ್ತದೆ ಎಂದರೆ ಯಾರು ಬಿಡುತ್ತಾರೆ? ಅಕ್ಕನಿಗೆ ಹೇಳದೆ ಹಾಗೆಯೇ ಇಟ್ಟುಕೊಂಡೆ. ಜೂಮನ್ನೂ ಮತ್ತೆ ಚಾಲೂ ಮಾಡಿಕೊಂಡೆ.

ಒಮ್ಮೆ ಅವರ ಪ್ರಶ್ನೆಯನ್ನೇ ಅವರಿಗೆ ತಿರುಗಿಸಿ ಕೇಳಿದ್ದೆ. ನೀವು ತೆಗೆಯಬೇಕು ಅನ್ನುವ ಫೋಟೋ ಯಾರದು, ಎಷ್ಟು ದೂರದಿಂದ, ಎಷ್ಟು ದೊಡ್ಡದು? ತಮಾಷೆಗೆ ಕೇಳಿದ್ದು. ಅಕ್ಕ ಉತ್ತರ ಸಿದ್ಧವಾಗಿ ಇಟ್ಟುಕೊಂಡವರಂತೆ ಹೇಳಿದರು.

"ನನ್ನ ಮಗಳದು. ಒಂದು ಗೇಣು ದೂರದಿಂದ. ಗೋಡಿ ತುಂಬ."

ಅಷ್ಟೇ ಅಲ್ಲ, ಕೌಂಟರಿನ ಹಿಂದೆ ಕಾಗದ ಸುತ್ತಿಟ್ಟಿದ್ದ ದೊಡ್ಡ ತೇಗದ ಚೌಕಟ್ಟನ್ನೂ ಎಳೆದು ತೋರಿಸಿದರು. ಗಾಜು ಹಾಕಿ, ಹಿಂದೆ ಹಲಗೆ ಬಡಿದು ಎಲ್ಲ ತಯಾರಾಗಿತ್ತು. ಒಳಗೆ ಫೋಟೋ ಇರಲಿಲ್ಲ.

ಮಗಳು ನನ್ನ ತರಗತಿಯಲ್ಲೇ ಓದುತ್ತಿದ್ದಳು. ಅಕ್ಕನಿಗೆ ಮೊದಲ ಎರಡು ಮಕ್ಕಳು ಉಳಿದಿರಲಿಲ್ಲ. ಮೂರನೆಯವಳು ಹುಟ್ಟಿದ ಕೂಡಲೇ ಅತ್ತೆ ಮಗುವನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲಿಟ್ಟು, ಅಲ್ಲಿಂದ ಎತ್ತಿಕೊಂಡು ಬಂದು, ತಿಪ್ಪಮ್ಮ ಎಂದು ಹೆಸರಿಟ್ಟರು. ಇದು ಯಾರಿಗೂ ಬೇಡದ ಕೂಸು, ಇದರ ಮೇಲೆ ಕಣ್ಣು ಹಾಕಬೇಡಿ ಎಂದು ಮೇಲಿನವರಿಗೆ ತಿಳಿಸುವ ರೀತಿ ಅದು. ಜೊತೆಗೆ ಮನೆದೇವರಿಗೆ ಒಂದು ಹರಕೆ. ಹತ್ತು ವರ್ಷ ತುಂಬುವ ತನಕ ಹುಡುಗಿಯ ಫೋಟೋ ತೆಗೆಯುವಂತಿಲ್ಲ. ತುಂಬಿದ ದಿನ ಗುಡಿಯಲ್ಲಿ ಮುಡಿ ಕೊಟ್ಟು, ಅಲ್ಲಿಯೇ ಮೊದಲ ಫೋಟೋ. ರೇಷನ್ ಕಾರ್ಡಿಗೆ ಮನೆಮಂದಿಯನ್ನೆಲ್ಲ ಕೂಡಿಸಿ ಫೋಟೋ ಹಿಡಿಯುತ್ತಾರೆಂದು ಗೊತ್ತಾದ ದಿನ ಅಜ್ಜಿ ಮೊಮ್ಮಗಳನ್ನು ಬಗಲಿಗೆ ಹಾಕಿಕೊಂಡು ಮದ್ದಿಕೇರದ ತವರಿಗೆ ಹೋಗಿ ಕೂತಿದ್ದರು. ಊರಿನ ಮಕ್ಕಳಿಗೆಲ್ಲ ಬಳೆ ಝಲ್ ಎನಿಸುವ ತಾಯಿಗೆ ಸ್ವಂತ ಮಗಳ ಮುಂದೆ ಕ್ಯಾಮೆರಾ ಎತ್ತುವ ಹಕ್ಕಿರಲಿಲ್ಲ. ನೀವೂ ಇದನ್ನು ನಂಬುತ್ತೀರಾ ಎಂದು ಕೇಳಿದರೆ, ನಂಬುವುದಿಲ್ಲ, ಆದರೆ ಎರಡು ಸಲ ಮಣ್ಣು ಮಾಡಿದ ಕೈ, ಮೂರನೆಯ ಸಲ ಪರೀಕ್ಷೆ ಮಾಡಿ ನೋಡುವ ಧೈರ್ಯ ಎಲ್ಲಿಂದ ಬರಬೇಕು ಎಂದಿದ್ದರು.

ತಿಪ್ಪಮ್ಮ ತಾಯಿಯ ಹಾಗೆಯೇ ಹತ್ತಿರ ಬಂದು ಮಾತಾಡುವ ಹುಡುಗಿ. ಮಗ್ಗಿ ಒಪ್ಪಿಸುವಾಗ ನನ್ನ ಮೇಜಿಗೆ ಹೊಟ್ಟೆ ಒತ್ತಿ ನಿಂತು, ನನ್ನ ಕನ್ನಡಕದಲ್ಲಿ ತನ್ನ ಮುಖ ನೋಡಿಕೊಳ್ಳುತ್ತಾ ಒಪ್ಪಿಸುತ್ತಿದ್ದಳು. ಹದಿಮೂರರ ಮಗ್ಗಿಯಲ್ಲಿ ಎಡವಿದರೆ ನಗುತ್ತಿದ್ದಳು, ಎಡಗೆನ್ನೆಯಲ್ಲಿ ಒಂದು ಗುಳಿ ಬೀಳುತ್ತಿತ್ತು. ಈಗ ಅದು ಇದ್ದದ್ದು ಎಡಗೆನ್ನೆಯಲ್ಲೋ ಬಲಗೆನ್ನೆಯಲ್ಲೋ ಎಂದು ಒಮ್ಮೊಮ್ಮೆ ಅನುಮಾನವಾಗುತ್ತದೆ. ಕೇಳೋಣವೆಂದರೆ ಕೇಳಬೇಕಾದವರೂ ಹೋದರು.

ಅವಳಿಗೆ ಹತ್ತು ತುಂಬಲು ಏಳು ತಿಂಗಳಿತ್ತು. ಶಾಲೆಯ ವಾರ್ಷಿಕೋತ್ಸವ ಬಂತು. ಫೋಟೋಗೆ ಶಾಲೆಯವರು ಅಕ್ಕನನ್ನೇ ಕರೆದಿದ್ದರು. ಹಿಂದಿನ ದಿನ ಸಂಜೆ ಅಕ್ಕ ಶಾಲೆಯ ಗೇಟಿನ ಬಳಿ ನನ್ನನ್ನು ನಿಲ್ಲಿಸಿದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ನಾ ತೆಗದ್ರ ಹರಕಿ ಮುರದಂಗ ಸಾರ್. ಅತ್ತಿ ಮುಂದಿನ ಸಾಲಿನಾಗ ಕುಂತಿರ್ತಾರ. ನೀವು ಮೇಷ್ಟ್ರು, ಎಲ್ಲಾ ಹುಡುಗ್ರದ್ದೂ ತೆಗೀತೀರಿ, ಯಾರೂ ಏನೂ ಅನ್ನಂಗಿಲ್ಲ. ಒಂಬತ್ತರಾಗ ಆಕಿ ಹೆಂಗಿದ್ಲು ಅಂತ ನನಗೊಂದು ಇರ್ಲಿ. ಒಂದ ಒಂದು. ಆದ್ರ ಹತ್ರ ಹೋಗಿ ತೆಗೀರಿ."

ಆಗಲಿ ಅಕ್ಕಾ, ಅದೇನು ದೊಡ್ಡ ಮಾತು ಎಂದೆ. ಈಗಲೂ ಆ ಉತ್ತರ ನೆನಪಾದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಮರುದಿನ ನನಗೆ ಅತಿಥಿಗಳ ಸಾಲಿನಲ್ಲಿ ಕುರ್ಚಿ ಸಿಕ್ಕಿತ್ತು. ಅಷ್ಟು ವರ್ಷದ ನೌಕರಿಯಲ್ಲಿ ಮೊದಲ ಸಲ. ಪ್ರತಿ ವರ್ಷ ನಾನು ಮಕ್ಕಳನ್ನು ಸಾಲು ನಿಲ್ಲಿಸುತ್ತಾ, ನೀರಿನ ಡ್ರಮ್ಮಿನ ಬಳಿ ನಿಂತಿರುತ್ತಿದ್ದವನು. ಆ ಸಲ ಹೆಡ್‌ಮಾಸ್ಟರರ ಬಲಗಡೆ ಕೂತಿದ್ದೆ, ಹೆಗಲ ಮೇಲೆ ಶಾಲು ಬೇರೆ. ತೆಲುಗು ಮೀಡಿಯಂನ ಲೆಕ್ಕದ ಮೇಷ್ಟ್ರು ಕುರ್ಚಿ ಸಿಗದೆ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ನಾನು ಎದ್ದರೆ ಆ ಕುರ್ಚಿ ಹೋಯಿತು ಎಂಬುದರಲ್ಲಿ ಸಂಶಯವೇ ಇರಲಿಲ್ಲ.

ತಿಪ್ಪಮ್ಮನ ನೃತ್ಯ ಬಂತು. ಹಸಿರು ಲಂಗ, ತಲೆಗೆ ಜರಿಕಾಗದದ ಹೂವು, ಎಡದಿಂದ ಮೂರನೆಯವಳು. ವೇದಿಕೆಯ ಕೆಳಗೆ ನಿಂತಿದ್ದ ಅಕ್ಕ ಅಷ್ಟು ಹೊತ್ತು ಒಂದೇ ಸಮನೆ ಫೋಟೋ ತೆಗೆಯುತ್ತಿದ್ದವರು ಕ್ಯಾಮೆರಾವನ್ನು ಹೊಟ್ಟೆಯ ಮಟ್ಟಕ್ಕೆ ಇಳಿಸಿ, ಲೆನ್ಸಿನ ಮೇಲೆ ಅಂಗೈ ಮುಚ್ಚಿಕೊಂಡರು. ಮುಂದಿನ ಸಾಲಿನಲ್ಲಿ ಅತ್ತೆ ಮೊಮ್ಮಗಳನ್ನು ಬಿಟ್ಟು ಸೊಸೆಯನ್ನೇ ನೋಡುತ್ತಿದ್ದರು. ಅಕ್ಕ ನನ್ನ ಕಡೆ ತಿರುಗಿ, ಗದ್ದದಿಂದ ವೇದಿಕೆ ತೋರಿಸಿದರು. ಹೋಗಿ ಎಂದು ಅದರರ್ಥ.

ನನ್ನ ಕುರ್ಚಿಯಿಂದ ವೇದಿಕೆಗೆ ಹತ್ತು ಹೆಜ್ಜೆ. ಆಮೇಲೆ ಆ ಅಂಗಳದಲ್ಲಿ ಒಬ್ಬನೇ ನಡೆದು ಎಣಿಸಿದ್ದೇನೆ, ಹತ್ತೇ. ನಾನು ಕೂತಲ್ಲಿಂದಲೇ ಕೈ ಎತ್ತಿ, ಆಯಿತು, ನಾನು ನೋಡಿಕೊಳ್ಳುತ್ತೇನೆ ಎಂಬಂತೆ ಸನ್ನೆ ಮಾಡಿದೆ. ಜೂಮ್ ಇರುವುದು ಮತ್ತೆ ಯಾತಕ್ಕೆ? ಗುಂಡಿ ಒತ್ತುತ್ತಾ ಹೋದೆ. ಹುಡುಗಿ ಪರದೆಯಲ್ಲಿ ದೊಡ್ಡದಾಗುತ್ತಾ ಬಂದಳು, ಪರದೆಯ ತುಂಬ ಬಂದಳು. ಅಷ್ಟರಲ್ಲಿ ಅವಳು ತಾಯಿಯನ್ನು ಕಂಡು ತಾಳ ತಪ್ಪಿ ನಕ್ಕಳು. ಒಂದು ತೆಗೆದೆ. ಹಾಡು ಮುಗಿಯಿತು. ಮೂರು ಬೆರಳಗಲದ ಪರದೆಯಲ್ಲಿ ಫೋಟೋ ಬಹಳ ಚೆನ್ನಾಗಿ ಕಂಡಿತು, ನಾನು ಹೆಡ್‌ಮಾಸ್ಟರಿಗೂ ತೋರಿಸಿದೆ.

ಕ್ಯಾಮೆರಾದ ಮೆಮೊರಿ ಕಾರ್ಡು ತಂದುಕೊಡುತ್ತೇನೆ ಎಂದು ಅಕ್ಕನಿಗೆ ಹೇಳಿದ್ದೆ. ಇವತ್ತು ನಾಳೆ ಎನ್ನುತ್ತಾ ಎರಡು ವಾರ ಕಳೆದವು. ತಿಪ್ಪಮ್ಮ ಶಾಲೆಗೆ ಬರಲಿಲ್ಲ, ಜ್ವರವಂತೆ ಎಂದರು. ಎರಡು ದಿನ ಬಿಟ್ಟು ಕರ್ನೂಲಿಗೆ ಕರೆದುಕೊಂಡು ಹೋದರಂತೆ ಎಂದರು. ಐದನೆಯ ದಿನ ಜೀಪಿನಲ್ಲಿ ವಾಪಸು ತಂದರು. ಯಾರ ತಪ್ಪೂ ಇರಲಿಲ್ಲ. ಬಂದ ಜ್ವರ ಇಳಿಯಲಿಲ್ಲ, ಅಷ್ಟೇ.

ಮನೆಯ ಮುಂದಿನ ಚಪ್ಪರದಲ್ಲಿ ಪದ್ಧತಿಯಂತೆ ಹುಡುಗಿಯನ್ನು ಕೂಡಿಸಿದ್ದರು. ಇನ್ನು ಹರಕೆಯ ಮಾತೇನು, ಒಂದು ಫೋಟೋ ಆಗಲಿ ಎಂದು ನೆಂಟರಲ್ಲಿ ಯಾರೋ ಸ್ಟುಡಿಯೋದಿಂದ ಕ್ಯಾಮೆರಾ ತಂದು ಅಕ್ಕನ ಮುಂದೆ ಹಿಡಿದರು. ಅಕ್ಕ ಅದನ್ನು ಕೈಯಿಂದ ಸರಿಸಿದರು.

"ಕಣ್ಣು ಮುಚ್ಚಿದ ಮುಖ ಬೇಕಾದಷ್ಟು ತೆಗದೀನಿ. ಈಕೀದು ಬ್ಯಾಡ."

ಮೂರನೆಯ ದಿನ ಬೆಳಿಗ್ಗೆ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬರಲಿಲ್ಲ. ಕಾರ್ಡು ಕೊಡ್ರಿ ಸಾರ್ ಎಂದರು. ಕ್ಯಾಮೆರಾವನ್ನೇ ಹಿಡಿದುಕೊಂಡು ಅವರ ಹಿಂದೆ ಸ್ಟುಡಿಯೋಗೆ ನಡೆದೆ. ದಾರಿಯಲ್ಲಿ ನನಗೆ ಏನೂ ಅನ್ನಿಸಲಿಲ್ಲ, ನಿಜ ಹೇಳುತ್ತೇನೆ. ಆ ಫೋಟೋ ನನ್ನ ಹತ್ತಿರ ಇದೆಯಲ್ಲ, ಅಷ್ಟಾದರೂ ಆಯಿತಲ್ಲ ಎಂಬ ಒಂದು ಸಣ್ಣ ಹೆಮ್ಮೆಯೂ ಇತ್ತು. ಕೌಂಟರಿನ ಹಿಂದೆ ಕಾಗದ ಸುತ್ತಿದ ಚೌಕಟ್ಟು ಹಾಗೆಯೇ ನಿಂತಿತ್ತು.

ಕಂಪ್ಯೂಟರಿನಲ್ಲಿ ಫೋಟೋ ತೆರೆಯಿತು. ದೊಡ್ಡ ಪರದೆಯ ನಡುವೆ ಅಂಗೈಯಗಲದ ಒಂದು ಮಸುಕು ಚಿತ್ರ. ಅಕ್ಕ ದೊಡ್ಡದು ಮಾಡಿದರು. ಹಸಿರು ಬಣ್ಣ ಹರಡಿತು. ಇನ್ನೂ ದೊಡ್ಡದು ಮಾಡಿದರು. ಮುಖವೆಲ್ಲ ಚೌಕ ಚೌಕವಾಗಿ ಒಡೆಯಿತು. ಕಣ್ಣಿದ್ದಲ್ಲಿ ಎರಡು ಕಪ್ಪು ಚೌಕ, ಬಾಯಿದ್ದಲ್ಲಿ ಕಂದು ಬಣ್ಣದ ಮೂರು ಚೌಕ. ನಗುತ್ತಿದ್ದಳು ಎಂಬುದು ನನಗೆ ನೆನಪಿತ್ತೇ ಹೊರತು ಅಲ್ಲಿ ಕಾಣುತ್ತಿರಲಿಲ್ಲ. ಅಕ್ಕ ಒಂದು ಕಡೆ ಒತ್ತಿ ಚಿತ್ರದ ಅಳತೆ ನೋಡಿದರು. ನಾನು ಏನು ಮಾಡಿದ್ದೆ ಎಂಬುದು ಅವರಿಗೆ ಅಲ್ಲಿಯೇ ತಿಳಿಯಿತು. ಕೂತಲ್ಲಿಂದ ತೆಗೆದದ್ದಂತೂ ಅವರೇ ಕಣ್ಣಾರೆ ಕಂಡದ್ದು.

ತಪ್ಪಾಯಿತು ಅಕ್ಕಾ ಎಂದೆ. ಅಳು ಬಂತು. ಅಕ್ಕ ಅಳಲಿಲ್ಲ. ಪರದೆ ನೋಡುತ್ತಲೇ ಹೇಳಿದರು.

"ಒಂದು ಮಾತು ಹೇಳ್ಲೇನ್ರಿ ಸಾರ್? ಆಸ್ಪತ್ರ್ಯಾಗ ಕುಂತಾಗಿಂದ ನನಗ ಒಂದ ಚಿಂತಿ. ಹರಕಿ ಮುರದು ಫೋಟೋ ತೆಗೆಸಿದ್ನಲ್ಲ, ಅದಕ್ಕ ಆಕಿ ಹೊಂಟಾಳೇನೋ ಅಂತ. ಈಗ ನೋಡಿದ್ರ ಇದರಾಗ ಮುಖಾನ ಇಲ್ಲ. ಮುಖ ಇಲ್ದಿದ್ದು ಫೋಟೋ ಹೆಂಗಾಗ್ತೈತಿ? ಹರಕಿ ತಪ್ಪಿಲ್ಲ ಬಿಡ್ರಿ. ನಾನೂ ತಪ್ಪಿಲ್ಲ, ನೀವೂ ತಪ್ಪಿಲ್ಲ."

ಬೈದಿದ್ದರೆ ಹೊತ್ತುಕೊಂಡು ಬದುಕುವುದು ಸುಲಭವಿತ್ತು. ಒಂದು ಎಳೆ ಹತ್ತಿಯಷ್ಟೂ ಸಿಟ್ಟಿಲ್ಲದೆ ಹೇಳಿದ ಆ ಮಾತನ್ನು ಇವತ್ತಿಗೂ ಕೆಳಗಿಳಿಸಲು ನನಗೆ ಆಗಿಲ್ಲ.

ನಾನು ಎದ್ದು ಹೊರಟೆ. ಅಕ್ಕ ಕೂಡ್ರಿ ಎಂದರು. ಫೋಟೋವನ್ನು ಸಣ್ಣದು ಮಾಡತೊಡಗಿದರು. ಸ್ವಲ್ಪ ಸ್ವಲ್ಪವೇ ಇಳಿಸಿದರು, ಪ್ರತಿ ಸಲವೂ ತಲೆ ಹಿಂದೆ ತೆಗೆದು ನೋಡಿದರು. ಚೌಕಗಳು ಒಂದರೊಳಗೊಂದು ಸೇರಿದವು. ಅಂಚೆ ಚೀಟಿಯ ಅಳತೆಗೆ ಬಂದಾಗ ಇದ್ದಕ್ಕಿದ್ದಂತೆ ಅಲ್ಲಿ ತಿಪ್ಪಮ್ಮ ನಿಂತಿದ್ದಳು. ಜರಿಕಾಗದದ ಹೂವು, ಹಸಿರು ಲಂಗ, ತಾಯಿಯನ್ನು ಕಂಡು ತಪ್ಪಿದ ತಾಳ, ನಗು.

"ಇಲ್ಲಿಗೆ ಮುಖ ಆಗ್ತೈತಿ ನೋಡ್ರಿ," ಎಂದರು. "ಇದಕ್ಕಿಂತ ದೊಡ್ಡಾಕಿ ಆಗಂಗಿಲ್ಲ ಆಕಿ."

ಅದೇ ಅಳತೆಗೆ ಒಂದು ಪ್ರಿಂಟು ತೆಗೆದು, ಕತ್ತರಿಸಿ, ಸೆರಗಿನ ಗಂಟಿಗೆ ಹಾಕಿಕೊಂಡರು.

ಆಮೇಲೆ ಹದಿನೈದು ವರ್ಷ ಈ ವಿಷಯ ನಮ್ಮ ನಡುವೆ ಬರಲಿಲ್ಲ. ಪ್ರತಿ ವರ್ಷ ಶಾಲೆ ಶುರುವಾದ ತಿಂಗಳಲ್ಲಿ ಅಕ್ಕ ನನ್ನ ತರಗತಿಗೆ ಬಂದು, ಒಂದೊಂದು ಮಗುವನ್ನೂ ಕಿಟಕಿಯ ಬೆಳಕಿಗೆ ಕೂಡಿಸಿ, ಒಂದು ಗೇಣು ದೂರದಿಂದ ಒಂದೊಂದು ಫೋಟೋ ತೆಗೆಯುತ್ತಿದ್ದರು. ಯಾರೂ ಹೇಳಿರಲಿಲ್ಲ, ಯಾರೂ ದುಡ್ಡು ಕೊಡುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಅಳತೆಯಲ್ಲಿ ತೆಗೆದು, ಡಿಸ್ಕಿಗೆ ಹಾಕಿ, ವರ್ಷ ಬರೆದು ಇಡುತ್ತಿದ್ದರು. ಬೇಕಾದಾಗ ಸಿಗಬೇಕು ಎನ್ನುತ್ತಿದ್ದರು. ಅಜ್ಜಿಯರು ತಡೆದ ಮನೆಗಳಿಗೆ ತಾವೇ ಹೋಗಿ ಜಗಳವಾಡಿ ಒಪ್ಪಿಸುತ್ತಿದ್ದರು. ನಾನು ಆ ಕ್ಯಾಮೆರಾ ಮತ್ತೆ ಮುಟ್ಟಲಿಲ್ಲ. ಎಲ್ಲರ ಕೈಗೂ ಫೋನು ಬಂತು, ಸ್ಟುಡಿಯೋಗೆ ಬರುವವರು ಕಡಿಮೆಯಾದರು. ಯಾವ ಫೋನಿನ ಕ್ಯಾಮೆರಾ ಒಳ್ಳೆಯದು ಎಂದು ಕೇಳಲು ಮಾತ್ರ ಬರುತ್ತಿದ್ದರು. ಅಕ್ಕ ಅದೇ ಎರಡು ಪ್ರಶ್ನೆ ಕೇಳುತ್ತಿದ್ದರು.

ತಿಪ್ಪಮ್ಮ ಹೋದ ಮೇಲೆ ಅವರ ಮನೆಗೆ ಮಾತ್ರ ನಾನು ಹೋಗಿರಲಿಲ್ಲ. ಕರೆದಾಗಲೆಲ್ಲ ಏನಾದರೊಂದು ನೆಪ ಹೇಳುತ್ತಿದ್ದೆ. ಹೋದ ತಿಂಗಳು ಹೋದೆ. ಪಡಸಾಲೆಯಲ್ಲಿ ಅಕ್ಕನನ್ನು ಕೂಡಿಸಿದ್ದರು. ಅವರ ತಲೆಯ ಮೇಲೆ, ಗೋಡೆಗೆ, ಅದೇ ತೇಗದ ಚೌಕಟ್ಟು. ಬಾಗಿಲಿಂದ ನೋಡಿದರೆ ಒಳಗೆ ಬರೀ ಬಿಳಿ ಹಾಳೆ. ಹತ್ತಿರ ಹೋದ ಮೇಲೆ ಕಂಡಿತು, ಹಾಳೆಯ ನಟ್ಟನಡುವೆ ಅಂಚೆ ಚೀಟಿಯಷ್ಟು ಫೋಟೋ. ಬಂದವರೆಲ್ಲ ಖಾಲಿ ಚೌಕಟ್ಟು ಯಾಕೆ ತೂಗುಹಾಕಿದ್ದೀರಿ ಎಂದು ಕೇಳುತ್ತಿದ್ದರಂತೆ, ಅಕ್ಕ ಹತ್ರ ಹೋಗ್ರಿ ಎನ್ನುತ್ತಿದ್ದರಂತೆ. ಇದನ್ನು ಹೇಳಿದ್ದು ಅವರ ಗಂಡ. ಜಿನ್ನಿಂಗ್ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದವರು, ಹತ್ತು ಮಾತಿಗೆ ಒಂದು ಮಾತಾಡುವ ಮನುಷ್ಯ.

ಅಕ್ಕನನ್ನು ಮಣ್ಣಿಗೆ ಒಯ್ಯುವ ಹೊತ್ತಾಯಿತು. ಗಂಡ ಕುರ್ಚಿ ಹಾಕಿಕೊಂಡು ಹತ್ತಿ ಚೌಕಟ್ಟು ಇಳಿಸಿದರು. ಹಿಂದಿನ ಹಲಗೆ ಬಿಚ್ಚಿ, ಆ ಪುಟ್ಟ ಫೋಟೋವನ್ನು ಉಗುರಿನಿಂದ ಬಿಡಿಸಿ, ಅಕ್ಕನ ಮಡಿಲಲ್ಲಿ ಇಟ್ಟರು. ಮತ್ತೆ ಬಾಗಿಲ ಬಳಿಗೆ ಬಂದು ನಿಂತಿದ್ದ ನನ್ನನ್ನು ಹುಡುಕಿ ನೋಡಿದರು.

"ಇದು ಆಕಿ ಜೊತಿಗೇ ಹೋಗ್ಲಿ. ಅದಕ್ಕ ಮೊದ್ಲು ಒಂದು ತೆಗೀರಿ ಸಾರ್. ತಾಯಿ ಮಗಳು ಕೂಡಿರೋದು ಒಂದೂ ಇಲ್ಲ."

ಜೇಬಿನಿಂದ ಫೋನು ತೆಗೆದೆ. ಪಡಸಾಲೆಯ ತುಂಬ ಹೆಂಗಸರು ಕೂತಿದ್ದರು, ಕಾಲಿಡಲು ಜಾಗವಿರಲಿಲ್ಲ. ಅಲ್ಲಿಂದನ ಜೂಮ್ ಮಾಡ್ರಿ, ಬರ್ತೈತಿ ಎಂದು ಹಿಂದಿನಿಂದ ಯಾರೋ ಹೇಳಿದರು. ನಾನು ಚಪ್ಪಲಿ ಬಿಟ್ಟು ಒಳಗೆ ಹೆಜ್ಜೆ ಇಟ್ಟೆ. ಹೆಂಗಸರು ಮಂಡಿ ಮಡಿಸಿ ದಾರಿ ಕೊಟ್ಟರು. ಎಷ್ಟು ಹೆಜ್ಜೆ ಆಯಿತೋ ಎಣಿಸಲಿಲ್ಲ. ಅಕ್ಕನ ಎದುರಿಗೆ ಮಂಡಿಯೂರಿ, ಒಂದು ಗೇಣು ದೂರಕ್ಕೆ ಹೋಗಿ, ಮುಖ ಮತ್ತು ಮಡಿಲು ಎರಡೂ ಬರುವಷ್ಟೇ ಹಿಂದೆ ಸರಿದು ತೆಗೆದೆ.

ಆ ಫೋಟೋ ನನ್ನ ಫೋನಿನಲ್ಲಿದೆ. ಅವರ ಗಂಡ ಅದನ್ನೇ ದೊಡ್ಡದು ಮಾಡಿಸಿ ಆ ತೇಗದ ಚೌಕಟ್ಟಿಗೆ ಹಾಕಿದ್ದಾರೆ, ಗೋಡೆ ತುಂಬ ಬಂದಿದೆ. ದಿನಕ್ಕೊಮ್ಮೆಯಾದರೂ ನಾನು ಫೋನು ತೆಗೆದು ಎರಡು ಬೆರಳಿನಿಂದ ಹಿಗ್ಗಿಸಿ ನೋಡುತ್ತೇನೆ. ಎಷ್ಟು ಹಿಗ್ಗಿಸಿದರೂ ಅಕ್ಕನ ಮುಖ ಒಡೆಯುವುದಿಲ್ಲ. ವಿಭೂತಿಯ ಗೆರೆ ಕಾಣುತ್ತದೆ, ಮುಚ್ಚಿದ ರೆಪ್ಪೆಯ ಕೂದಲು ಕಾಣುತ್ತದೆ, ಹುಬ್ಬಿನ ಮೇಲೆ ಎಲ್ಲಿಂದಲೋ ಬಂದು ಕೂತ ಒಂದು ಎಳೆ ಹತ್ತಿ ಕಾಣುತ್ತದೆ. ಆಮೇಲೆ ಚಿತ್ರವನ್ನು ಮೇಲಕ್ಕೆ ಸರಿಸಿ ಮಡಿಲಿಗೆ ಬರುತ್ತೇನೆ. ಹಸಿರು ಲಂಗದವಳು ದೊಡ್ಡದಾಗುತ್ತಾ ಬರುತ್ತಾಳೆ, ನಗು ಕಾಣಿಸತೊಡಗುತ್ತದೆ. ಇನ್ನೊಂದು ಚೂರು ಹಿಗ್ಗಿಸಿದರೆ ಅವಳು ಚೌಕ ಚೌಕವಾಗುತ್ತಾಳೆಂದು ನನಗೆ ಗೊತ್ತು. ಅಲ್ಲಿಗೆ ಬೆರಳು ತೆಗೆಯುತ್ತೇನೆ.